ಒಂಟಿಯಾಗಿ ಮಗುಚದ ತುಂಡು

ಗೆರೆಬೆನ್ ಸೋದರಿಯರ ಅಡುಗೆಮನೆಯಲ್ಲಿದ್ದದ್ದು ಒಂದೇ ಮೇಜು. ಕಿಟಕಿಯ ಕಡೆಯ ಅರ್ಧ ತಂಗಿ ಇಲ್ಮಾಳ ದುಡಿಮೆಗೆ, ಒಲೆಯ ಕಡೆಯ ಅರ್ಧ ಊಟಕ್ಕೆ ಎಂದು ಅಕ್ಕ ಶಾರೊಲ್ತಾ ವಿಭಾಗ ಮಾಡಿಕೊಟ್ಟಿದ್ದಳು. ಕಿಟಕಿಯ ಕಡೆ ಬಣ್ಣವಿಲ್ಲದ ಕಪ್ಪು ಘನಗಳು ರಟ್ಟಿನ ಪೆಟ್ಟಿಗೆಯಲ್ಲಿ ತುಂಬಿರುತ್ತಿದ್ದವು; ಪಕ್ಕದಲ್ಲಿ ಆರು ಬಣ್ಣದ ಅಂಟುಹಾಳೆಗಳು. ಇಲ್ಮಾ ಉಗುರಿನ ತುದಿಯಿಂದ ಒಂದೊಂದೇ ಚೌಕವನ್ನು ಎಬ್ಬಿಸಿ, ಕಪ್ಪು ಮುಖದ ಮೇಲಿಟ್ಟು, ಹೆಬ್ಬೆರಳಿನಿಂದ ಒತ್ತುತ್ತಿದ್ದಳು. ಬಿಳಿ ಮುಖವೆಲ್ಲ ಬಿಳಿ, ಕೆಂಪು ಮುಖವೆಲ್ಲ ಕೆಂಪು. ಆರೂ ಮುಖ ತುಂಬಿದಾಗ ಅದು ಜಗತ್ತು ಕೈಚಾಚಿ ಬೇಡುತ್ತಿದ್ದ ಮಾಯಾಘನವಾಗುತ್ತಿತ್ತು, ತಿರುಗಿಸಿ ಬಣ್ಣ ಜೋಡಿಸುವ ಕ್ಯೂಬು.

ಆ ಆಟಿಕೆ ಹುಟ್ಟಿದ್ದು ನಮ್ಮ ಬುಡಾಪೆಸ್ಟಿನಲ್ಲೇ. ವಾಸ್ತುವಿದ್ಯೆ ಕಲಿಸುತ್ತಿದ್ದ ಉಪಾಧ್ಯಾಯರೊಬ್ಬರು, ಬಿಡಿ ತುಂಡುಗಳು ಕಳಚಿ ಬೀಳದೆ ಎಲ್ಲ ದಿಕ್ಕಿಗೂ ಹೇಗೆ ತಿರುಗಬಲ್ಲವೆಂದು ಅರಸುತ್ತ ಮರದಲ್ಲಿ ಮಾಡಿದ್ದು. ಒಮ್ಮೆ ತಿರುಗಿಸಿದ ಮೇಲೆ ಹಿಂದಿರುಗುವ ದಾರಿ ಅವರಿಗೇ ತಿಳಿಯದೆ ವಾರಗಟ್ಟಲೆ ತಡಕಾಡಿದರೆಂದು ಊರಿನಲ್ಲಿ ಹೇಳುತ್ತಿದ್ದರು. ಎಂಬತ್ತೊಂದರ ಚಳಿಗಾಲಕ್ಕೆ ಅದರ ಕೀರ್ತಿ ಎಷ್ಟು ಬೆಳೆದಿತ್ತೆಂದರೆ, ಮಾಡಿದ್ದೆಲ್ಲ ಹೊರದೇಶಕ್ಕೆ ಹೋಗಿ ನಮ್ಮ ಅಂಗಡಿಗಳ ಮುಂದೆ ಜನ ಬರಿಗೈಯಲ್ಲಿ ಸಾಲು ನಿಂತಿರುತ್ತಿದ್ದರು. ಕಾರ್ಖಾನೆಗಳು ಸಾಲದೆ, ಬಣ್ಣ ಅಂಟಿಸುವ ಕೆಲಸವನ್ನು ಸಣ್ಣ ಸಹಕಾರ ಸಂಘಗಳು ಮನೆಯಲ್ಲಿರುವ ಹೆಂಗಸರಿಗೆ ಹಂಚುತ್ತಿದ್ದವು. ಟ್ರಾಮ್ ಓಡಿಸುತ್ತಿದ್ದ ಗಂಡನನ್ನು ಕಳೆದುಕೊಂಡು ಅಕ್ಕನ ಮನೆ ಸೇರಿದ್ದ ಇಲ್ಮಾ ಅಂಥವರಲ್ಲಿ ಒಬ್ಬಳು.

ಆ ಕೆಲಸಕ್ಕೆ ಒಂದು ಕಟ್ಟಪ್ಪಣೆಯಿತ್ತು. ಅಂಟಿಸಿ ಮುಗಿಸಿದ ಘನವನ್ನು ಯಾರೂ ತಿರುಗಿಸಕೂಡದು. ಅಂಗಡಿಗೆ ಹೋಗುವ ಘನದ ಆರೂ ಮುಖ ಶುದ್ಧವಾಗಿರಬೇಕು. ಒಮ್ಮೆ ತಿರುಗಿಸಿದರೆ ಮೊದಲಿನಂತೆ ಮಾಡುವ ವಿದ್ಯೆ ಆ ಹೆಂಗಸರಲ್ಲಿ ಒಬ್ಬರಿಗೂ ಇರಲಿಲ್ಲ. ಲೋಕವೆಲ್ಲ ತಿರುಗಿಸಿ ತಿರುಗಿಸಿ ದಣಿಯುತ್ತಿದ್ದ ವಸ್ತುವನ್ನು ಅದನ್ನು ಮಾಡುವ ಕೈಗಳು ಮಾತ್ರ, ಮಲಗಿದ ಕೂಸನ್ನು ಎತ್ತಿದಂತೆ, ಅಲುಗಿಸದೆ ಪೆಟ್ಟಿಗೆಗೆ ಇಳಿಸುತ್ತಿದ್ದವು.

ಪ್ರತಿ ಶುಕ್ರವಾರ ಸಂಘದ ತಪಾಸಣೆಯ ಯೋಲಾನ್ ಬರುತ್ತಿದ್ದಳು. ಭಾರಿ ಶರೀರ, ಅದಕ್ಕೆ ತಕ್ಕ ಶಾರೀರ; ಅಂಗಳದಲ್ಲಿ ಕಾಲಿಟ್ಟರೆ ಅದೇ ಕಟ್ಟಡದ ಮೂರನೆಯ ಅಂತಸ್ತಿನ ಮೊಗಸಾಲೆಯ ಕೊನೆಯಲ್ಲಿದ್ದ ನನ್ನ ಮನೆಗೂ ಕೇಳಿಸುತ್ತಿತ್ತು. ಕ್ರಿಸ್‌ಮಸ್ಸಿನ ಹಿಂದಿನ ಶುಕ್ರವಾರ ಅವಳು ಒಂದು ಘನವನ್ನು ಕಿಟಕಿಯ ಬೆಳಕಿಗೆ ಹಿಡಿದು ಗಹಗಹಿಸಿದಳು.

"ಇಲ್ಮಾ, ಏನಮ್ಮ ಇದು? ಬಿಳಿಯೋರ ಮನೇಲಿ ಒಂದು ಕೆಂಪು, ಕೆಂಪೋರ ಮನೇಲಿ ಒಂದು ಬಿಳಿ. ಅಕ್ಕಪಕ್ಕದ ಮನೆಯೋರು ಗಂಡಂದಿರನ್ನ ಅದಲುಬದಲು ಮಾಡ್ಕೊಂಡಂಗಿದೆ!"

ಅಂಚಿನ ಒಂದು ತುಂಡಿನ ಎರಡು ಬಣ್ಣಗಳು ಸ್ಥಾನ ತಪ್ಪಿದ್ದವು. ಇಲ್ಮಾಳ ಕಿವಿ ಕೆಂಪಾಯಿತು. "ಕಿತ್ತು ಸರಿಯಾಗಿ ಅಂಟಿಸ್ತೀನಿ ಯೋಲಾನಕ್ಕ."

"ಕಿತ್ರೆ ಹರಿಯುತ್ತೆ. ಹರಿದಿದ್ದನ್ನ ಅಂಟಿಸಿದ್ರೆ ಕದ್ದ ಮಾಲಿನ ಥರ ಕಾಣುತ್ತೆ. ನೀನೇ ಇಟ್ಕೋ, ಬಾಗಿಲಿಗೆ ಒತ್ತು ಕೊಡೋಕಾಗುತ್ತೆ."

"ಅಕ್ಕಂಗೆ ಮಾತ್ರ ಹೇಳಬೇಡಿ."

"ನಿಮ್ಮಕ್ಕನ ಹತ್ರ ಬಾಯಿ ಬಿಡೋ ಧೈರ್ಯ ಯಾರಿಗಿದೆಯಮ್ಮ? ನಾನು 'ನಮಸ್ಕಾರ' ಅಂದ್ರೂ ಅದರಲ್ಲಿ ಒಂದು ತಪ್ಪು ಹುಡುಕ್ತಾರೆ."

ಯೋಲಾನ್ ಹೋದ ಮೇಲೆ ಇಲ್ಮಾ ಆ ಘನವನ್ನು ಮಡಿಲಲ್ಲಿಟ್ಟುಕೊಂಡು, ಕಟ್ಟಪ್ಪಣೆಯನ್ನು ಮೊದಲ ಬಾರಿಗೆ ಮೀರಿ, ಮೇಲೆ ಕೆಳಗೆ ಅಡ್ಡಡ್ಡ ತಿರುಗಿಸಿದಳು. ಬಣ್ಣಗಳು ಕಲಸಿಹೋದವು. ಅವುಗಳೊಡನೆ ಅವಳ ತಪ್ಪೂ ಸಂತೆಯಲ್ಲಿ ಕಳೆದುಹೋದ ಮನುಷ್ಯನಂತೆ ಮರೆಯಾಯಿತು. ಕಲಸಿದ ಮೇಲೆ ಸರಿಯಾದದ್ದೂ ತಪ್ಪಾದದ್ದೂ ಒಂದೇ ಎಂದು ಅವಳು ತಿಳಿದಳು. ನಮ್ಮ ಕಟ್ಟಡದಲ್ಲಿ ಅದನ್ನು ಪೂರ್ತಿ ಜೋಡಿಸಿದವರನ್ನು ಅವಳು ಕಂಡಿರಲೂ ಇಲ್ಲ. ಅದನ್ನು ಮೇಜಿನ ಡ್ರಾಯರಿಗೆ ಹಾಕಿ ನೂಕಿದಳು.

ಶಾರೊಲ್ತಾ ಗೆರೆಬೆನ್ ಒಂದು ಕಾಲದಲ್ಲಿ ಹೆಣ್ಣುಮಕ್ಕಳ ಶಾಲೆಯಲ್ಲಿ ರೇಖಾಗಣಿತ ಕಲಿಸುತ್ತಿದ್ದವಳು. ಐವತ್ತಾರರಲ್ಲಿ ಸರ್ಕಾರದ ವಿರುದ್ಧ ಜನ ದಂಗೆಯೆದ್ದ ಶರತ್ಕಾಲದಲ್ಲಿ ಬೀದಿಗಳಲ್ಲಿ ಗುಂಡು ಹಾರುತ್ತಿದ್ದಾಗ ತನ್ನ ವಿದ್ಯಾರ್ಥಿನಿಯರಲ್ಲಿ ಕೆಲವರನ್ನು ಶಾಲೆಯ ನೆಲಮಾಳಿಗೆಯಲ್ಲಿ ಇರಿಸಿಕೊಂಡಿದ್ದಳು. ಆಮೇಲೆ ವಿಚಾರಣೆಯಲ್ಲಿ ಅವರ ಹೆಸರು ಕೇಳಿದರು. ಅವಳು ಹೇಳಲಿಲ್ಲ. ಜೈಲು ತಪ್ಪಿತು, ಕರಿಹಲಗೆ ಹೋಯಿತು. ಅಂದಿನಿಂದ ಲಾಂಡ್ರಿಯ ಕೌಂಟರಿನ ಹಿಂದೆ ನಿಂತು ಅನ್ಯರ ಅಂಗಿಗಳನ್ನು ತೆಗೆದುಕೊಳ್ಳುವ, ಹಿಂದಿರುಗಿಸುವ ಕೆಲಸ. ಅಲ್ಲಿ ಅವಳ ದನಿ ಬೇರೆ. "ನಮಸ್ಕಾರ. ದಯವಿಟ್ಟು ಚೀಟಿ ಕೊಡಿ. ಧನ್ಯವಾದ." ಇಸ್ತ್ರಿ ಹಾಕಿದ ಬಟ್ಟೆಯಂತೆ ಸುಕ್ಕಿಲ್ಲದ ದನಿ, ಅದರೊಳಗೆ ಯಾರಿಗೂ ಪ್ರವೇಶವಿರಲಿಲ್ಲ. ಮನೆಗೆ ಬಂದೊಡನೆ ಅದನ್ನು ಕೋಟಿನ ಜೊತೆ ಮೊಳೆಗೆ ತೂಗುಹಾಕಿ ಸ್ವಂತ ದನಿಗೆ ಮರಳುತ್ತಿದ್ದಳು.

"ಏ ಮಂಕುದಿಣ್ಣೆ, ಮತ್ತೆ ಹಾಲು ಉಕ್ಕಿಸಿದೀಯಲ್ಲೆ."

"ಒಂದು ಹನಿ ಅಕ್ಕ."

"ಒಂದು ಹನಿಗೆ ಇಡೀ ಮೊಗಸಾಲೆ ಸೀದ ವಾಸನೆ ಬರುತ್ತಾ? ನೀನು ಹುಟ್ಟಿದಾಗ ಸೂಲಗಿತ್ತಿ ನಿನ್ನನ್ನ ಕೆಳಗೆ ಬೀಳಿಸಿದ್ಲು ಅಂತ ಅಮ್ಮ ಹೇಳ್ತಿದ್ರು, ಸುಳ್ಳಲ್ಲ."

ಇಲ್ಮಾ ನಗುತ್ತಿದ್ದಳು. ಬಾಲ್ಯದಿಂದ ನಕ್ಕು ನಕ್ಕು ಆ ನಗೆ ಅವಳ ಮುಖಕ್ಕೆ ಅಂಟಿಸಿದ ಚೌಕದಂತಾಗಿತ್ತು. ಅಕ್ಕನ ಪ್ರೀತಿಯ ಭಾಷೆ ಅದೇ ಎಂದು ನಾವು ನೆರೆಹೊರೆಯವರೆಲ್ಲ ತಿಳಿದಿದ್ದೆವು. ಆ ಚೌಕದ ಕೆಳಗಿನ ಕಪ್ಪನ್ನು ಕಂಡವರು ಇರಲಿಲ್ಲ.

ಜನವರಿಯಲ್ಲಿ ಮೂರು ರಾಯರ ಹಬ್ಬ ಕಳೆದ ವಾರ ಸಿಸ್ಟರ್ ಹೆದ್ವಿಗ್ ಬಂದರು. ಅವರು ಸನ್ಯಾಸಿನಿಯರು ನಡೆಸುತ್ತಿದ್ದ ಶಾಲೆಯ ಮುಖ್ಯಸ್ಥೆ. ನೆಲಮಾಳಿಗೆಯಲ್ಲಿ ಅಡಗಿದ್ದ ಆ ಹುಡುಗಿಯರಲ್ಲಿ ಒಬ್ಬರು. ಕೋಟು ಬಿಚ್ಚುವ ಮೊದಲೇ ಬಂದ ವಿಷಯ ಹೇಳಿದರು.

"ಟೀಚರ್, ನಮ್ಮ ಗಣಿತದ ಸಿಸ್ಟರಿಗೆ ಕಣ್ಣು ಹೋಗ್ತಾ ಇದೆ. ಸೆಪ್ಟೆಂಬರಿನಿಂದ ನೀವು ಬರಬೇಕು. ಮೇಲಿನೋರ ಒಪ್ಪಿಗೆ ಸಿಕ್ಕಿದೆ. ಹೇಗೆ ಸಿಕ್ತು ಅಂತ ಕೇಳಬೇಡಿ. ಈಸ್ಟರಿನೊಳಗೆ ನೀವು ಹೂಂ ಅನ್ನದಿದ್ರೆ ಬೇರೆಯವರನ್ನ ಹಾಕ್ತಾರೆ."

ಶಾರೊಲ್ತಾ ಕಾಫಿಯ ಲೋಟ ಕೆಳಗಿಟ್ಟಳು. "ಇಷ್ಟು ವರ್ಷ ನಾನು ಕಾಲರು ಕಫು ಎಣಿಸ್ಕೊಂಡಿದೀನಿ, ಹೆದ್ವಿಗ್."

"ಎಣಿಸೋದು ಮರೆತಿಲ್ಲವಲ್ಲ, ಸಾಕು."

"ಈಗಿನ ಹುಡುಗೀರು ಹೇಗಿದಾರೆ?"

ಸಿಸ್ಟರ್ ನಗುತ್ತ ಕಿಟಕಿಯ ಕಡೆಯ ಪೆಟ್ಟಿಗೆಯತ್ತ ಗದ್ದ ಎತ್ತಿದರು. "ಎಲ್ಲರ ಕೈಲೂ ಇದೇ. ಪ್ರಾರ್ಥನೆ ಹೊತ್ತಲ್ಲೂ ಬೆಂಚಿನ ಕೆಳಗಿಂದ ಕಟಕಟ ಅಂತಿರುತ್ತೆ. ಇದನ್ನ ಜೋಡಿಸೋಕೆ ಬಾರದೋರು ಬೋರ್ಡ್ ಮುಂದೆ ನಿಂತ್ರೆ ಮುಸಿಮುಸಿ ನಗ್ತಾರೆ, ಪಾಪಿಗಳು."

ಸಿಸ್ಟರ್ ಆಡಿದ್ದು ವಿನೋದದ ಮಾತು. ಶಾರೊಲ್ತಾ ಅದನ್ನು ಪ್ರತಿಜ್ಞೆಯಂತೆ ಸ್ವೀಕರಿಸಿದಳು. ಸಿಸ್ಟರ್ ಬಾಗಿಲು ದಾಟಿದೊಡನೆ ತಂಗಿಯ ಕಡೆ ತಿರುಗಿದಳು.

"ನನಗೊಂದು ಕ್ಯೂಬು ಬೇಕಲ್ಲೆ."

"ಮುಗಿಸಿದ್ದನ್ನ ತಿರುಗಿಸೋ ಹಾಗಿಲ್ಲ ಅಕ್ಕ. ಯೋಲಾನಕ್ಕ ಲೆಕ್ಕ ಇಟ್ಟಿರ್ತಾಳೆ."

"ಹಾಳಾಗಿದ್ದು, ಮೂಲೆಗೆ ಬಿದ್ದಿದ್ದು ಒಂದೂ ಇಲ್ವಾ?"

ಇಲ್ಮಾ ಡ್ರಾಯರ್ ಎಳೆದು ಅದನ್ನು ತೆಗೆದುಕೊಟ್ಟಳು. ಆಗ ಅವಳ ಮನಸ್ಸಿನಲ್ಲಿ ಕಪಟವಿರಲಿಲ್ಲ. ಇದನ್ನು ಆಮೇಲೆ ನನ್ನೆದುರು ಅವಳು ಮತ್ತೆ ಮತ್ತೆ ಹೇಳಿದಳು, ನಾನು ನಂಬುತ್ತೇನೆ. "ಇದು ಆಗಲೇ ತಿರುಗಿಸಿದ್ದು," ಎಂದಳು. ಅದು ನಿಜವೇ ಆಗಿತ್ತು.

ಈಸ್ಟರಿಗೆ ಮುಂಚಿನ, ಮಾಂಸ ಬಿಡುವ ಉಪವಾಸದ ದಿನಗಳು ಬಂದವು. ಪ್ರತಿ ಸಂಜೆ ಗಸಗಸೆ ಉದುರಿಸಿದ ಶಾವಿಗೆಯೋ ಆಲೂಗಡ್ಡೆಯ ಪಲ್ಯವೋ ಮುಗಿದು ತಟ್ಟೆ ಸರಿಸಿದ ಕೂಡಲೇ ಒಲೆಯ ಕಡೆಯ ಅರ್ಧ ಮೇಜು ಶಾರೊಲ್ತಾಳ ಪಾಠಶಾಲೆಯಾಗುತ್ತಿತ್ತು. ಘನವನ್ನು ಜೋಡಿಸುವ ಉಪಾಯ ಹೇಳುವ ಕೈಪಿಡಿಗಳು ಆಗಲೇ ಬಂದಿದ್ದವು. ಅವನ್ನು ಅವಳು ಮುಟ್ಟಲಿಲ್ಲ. ಇನ್ನೊಬ್ಬರು ಅಗಿದ ತುತ್ತಿನಿಂದ ತನ್ನ ಹಸಿವು ಹೋಗದೆಂದಳು. ಮೊದಲು ಒಂದು ಮುಖ ಕೂಡಿತು. ಆಮೇಲೆ ನಡುವಿನ ಸುತ್ತು. ಮೂಲೆಗಳಿಗಾಗಿ ಬಹಳ ದಿನ ಹೆಣಗಿದಳು. ಅವು ಕೂಡಿದ ಸಂಜೆ ಅವಳು ಹಾಡೊಂದನ್ನು ಗುನುಗಿದ್ದನ್ನು ಗೋಡೆಯಾಚೆಯ ನಾವು ಕೇಳಿ ಅಚ್ಚರಿಪಟ್ಟೆವು. ಪ್ಯಾರಿಷ್ ಚರ್ಚಿನಲ್ಲಿ ಜನರಿಗೆ ಸ್ತೋತ್ರ ಹಾಡಿಸುವುದೇ ನನ್ನ ಕಾಯಕ. ಆ ಹೆಂಗಸಿನ ಕಂಠವನ್ನು ನಾನು ಅಲ್ಲಿಯೂ ಕೇಳಿರಲಿಲ್ಲ.

ಕೌಂಟರಿನ ಹಿಂದೆ ಬಾಗಿದ್ದ ಬೆನ್ನು ನೆಟ್ಟಗಾಯಿತು. ಹಳೆಯ ಬೂದು ಸ್ಕರ್ಟನ್ನು ಹೊರತೆಗೆದು ಸೊಂಟ ಬಿಗಿ ಮಾಡಿಸಿದಳು. ಕಾಲೇಜಿನ ಕಾಲದ ಕೈವಾರವನ್ನು ಎಣ್ಣೆ ಹಾಕಿ ಒರೆಸಿ ಇಟ್ಟಳು. ಇದನ್ನೆಲ್ಲ ಇಲ್ಮಾ ಕಿಟಕಿಯ ಕಡೆಯಿಂದ ನೋಡುತ್ತಿದ್ದಳು.

ಕೊನೆಗೆ ಎಲ್ಲವೂ ಕೂಡಿ ಒಂದೇ ಉಳಿಯಿತು. ನಾಲ್ಕು ಮುಖ ಶುದ್ಧ. ಬಿಳಿಯ ಮುಖದಲ್ಲೊಂದು ಕೆಂಪು, ಕೆಂಪು ಮುಖದಲ್ಲೊಂದು ಬಿಳಿ. ಅಂಚಿನ ಒಂದೇ ತುಂಡು ಮಗುಚಿ ಕೂತಿತ್ತು. ಶಾರೊಲ್ತಾ ಎಲ್ಲವನ್ನೂ ಕೆಡಿಸಿ ಮತ್ತೆ ಜೋಡಿಸಿದಳು, ಮತ್ತೆ ಅದೇ. ಬೇರೆ ದಾರಿಯಿಂದ ಬಂದಳು. ದಾರಿಯ ಕೊನೆಯಲ್ಲಿ ಅದೇ ತುಂಡು ಕಾದು ಕೂತಿತ್ತು.

ಇಲ್ಮಾ ಅದನ್ನು ಕಂಡ ಕೂಡಲೇ ಗುರುತಿಸಿದಳು. ತನ್ನ ಗುಟ್ಟು ಬಯಲಾಯಿತೆಂದು ಮೊದಲು ಹೆದರಿದಳು. ಅದರ ಬೆನ್ನಿಗೇ, ತುಟಿಗೆ ಜೇನು ತಗುಲಿದಂಥ ಒಂದು ಸಣ್ಣ ಸಿಹಿ. ಜನ್ಮದಲ್ಲಿ ಮೊದಲ ಸಲ ಅಕ್ಕನಿಗೆ ಬಾರದ್ದೊಂದು ಅವಳಿಗೆ ತಿಳಿದಿತ್ತು. ಇವತ್ತು ಬೇಡ, ನಾಳೆ ಹೇಳೋಣ ಎಂದುಕೊಂಡಳು. ಸಿಹಿ ನಾಳೆಯೂ ಉಳಿದಿತ್ತು.

ಈಸ್ಟರಿಗೆ ಸ್ವಲ್ಪವೇ ದಿನ ಬಾಕಿಯಿದ್ದಾಗ ಒಂದು ಸಂಜೆ ಶಾರೊಲ್ತಾ ಲಾಂಡ್ರಿಯಲ್ಲಿ ಉದುರಿದ ಅಂಗಿಗುಂಡಿಗಳನ್ನು ಮೇಜಿನ ಮೇಲೆ ಸುರಿದು, ಸಾಲಾಗಿ ಜೋಡಿಸಿ, ಕೆಲವನ್ನು ಬೋರಲು ಹಾಕಿ, ಕೆಲವನ್ನು ಎತ್ತಿ, ಒಮ್ಮೆಗೇ ಅಂಗೈಯಿಂದ ಮೇಜನ್ನು ಗುದ್ದಿದಳು.

"ಇಲ್ಲಿ ಬಾರೆ! ನೋಡು, ಇವು ಅಂಚಿನ ತುಂಡುಗಳು ಅಂದ್ಕೋ. ಹೇಗೆ ತಿರುಗಿಸು, ಎಷ್ಟು ತಿರುಗಿಸು, ಮಗುಚೋದು ಜೋಡಿಜೋಡಿಯಾಗೇ ಮಗುಚುತ್ತವೆ. ಒಂದು ತುಂಡು ಒಂಟಿಯಾಗಿ ಮಗುಚೋಕೆ ಸಾಧ್ಯವೇ ಇಲ್ಲ. ಅದನ್ನ ನಾನು ಸಾಧಿಸಿದೀನಿ, ಇಗೋ, ಇಲ್ಲೇ, ಗುಂಡೀಲಿ. ಆದ್ರೆ ಇದರಲ್ಲಿ ಒಂದೇ ಮಗುಚಿದೆ. ಅಂದ್ರೆ ಏನರ್ಥ?"

"ಏನು?"

"ಕ್ಯೂಬೇ ತಪ್ಪು ಅಂತ! ಮಾಡುವಾಗಲೇ ತಪ್ಪಿದೆ." ಅವಳ ಕಣ್ಣುಗಳು ಯೌವನದ ಕಣ್ಣುಗಳಾಗಿದ್ದವು. "ಇಲ್ಮಾ, ತಿರುಗಿಸೋಕೆ ಮುಂಚೆ ಇದು ಆರೂ ಕಡೆ ಸರಿ ಇತ್ತಾ?"

ಇಲ್ಮಾ ಬಾಯಿ ತೆರೆದಳು. ಸತ್ಯ ನಾಲಿಗೆಯ ತುದಿಯವರೆಗೆ ಬಂದಿತ್ತು. ಅಷ್ಟರಲ್ಲಿ ಶಾರೊಲ್ತಾ ಸಂತೋಷದ ಭರದಲ್ಲಿ ಅವಳ ಕೆನ್ನೆಗೆ ಮೆಲ್ಲಗೆ ತಟ್ಟಿ ನಕ್ಕಳು. "ಯಾರನ್ನ ಕೇಳ್ತಿದೀನಿ ನೋಡು! ಬಿಳಿ ಯಾವುದು ಕೆಂಪು ಯಾವುದು ಅಂತ ಈ ಮಂಕುದಿಣ್ಣೆಗೆ ಯಾವತ್ತು ಗೊತ್ತಾಗಿತ್ತು? ಅಂಟಿಸೋ ಕೆಲಸ, ಕೋತಿಗೆ ಕಲಿಸಿದ್ರೂ ಮಾಡುತ್ತೆ, ಅದರಲ್ಲೂ..."

"ಸರಿ ಇತ್ತು," ಎಂದಳು ಇಲ್ಮಾ.

"ಏನು?"

"ಆರೂ ಕಡೆ ಸರಿ ಇತ್ತು. ಅಂಟಿಸಿದ್ದೂ ನಾನೇ, ತಿರುಗಿಸಿದ್ದೂ ನಾನೇ. ನನ್ನ ಕಣ್ಣಾರೆ ನೋಡಿದೀನಿ."

ಶಾರೊಲ್ತಾಳ ನಗೆ ಮುಖದ ಮೇಲೆಯೇ ನಿಂತುಹೋಯಿತು. "ನಿಜ ಹೇಳು. ಅಮ್ಮನಾಣೆ?"

ಒಲೆಯ ಮೇಲಿನ ಗೂಡಿನಲ್ಲಿ ದೇವಮಾತೆಯ ಪಟ, ಅದರ ಪಕ್ಕ ತಾಯಿಯ ಚಿತ್ರ. ಇಲ್ಮಾ ಎರಡನ್ನೂ ನೋಡದೆ ಹೇಳಿದಳು, "ಅಮ್ಮನಾಣೆ."

ಮಾತಾಡದಿರುವುದರಲ್ಲಿ ಎರಡು ಬಗೆಯಿದೆ ಎಂದು ನಾನು ಆಮೇಲೆ ಬಹಳ ಸಲ ಯೋಚಿಸಿದ್ದೇನೆ. ಹೆಸರು ಹೇಳದೆ ಒಬ್ಬಳು ತನ್ನ ಬಾಳನ್ನು ಕೊಟ್ಟು ಮಕ್ಕಳನ್ನು ಉಳಿಸಿದ್ದಳು. ಅದೇ ಗರ್ಭದಲ್ಲಿ ಹುಟ್ಟಿದ ಇನ್ನೊಬ್ಬಳು ಹೇಳದೆ ಉಳಿಸಿಕೊಂಡದ್ದು ತನ್ನ ಗಾಯವನ್ನು. ಇಬ್ಬರನ್ನೂ ಮಾಡಿದ ದೇವರು ಇದನ್ನು ಹೇಗೆ ತೂಗುವನೋ, ಹೇಳುವ ಅಧಿಕಾರ ನನಗಿಲ್ಲ.

ಶಾರೊಲ್ತಾ ಗುಂಡಿಗಳನ್ನು ಒಂದೊಂದಾಗಿ ಹೆಕ್ಕಿ ಡಬ್ಬಿಗೆ ಹಾಕಿದಳು.

ಈಸ್ಟರಿನ ಹಿಂದಿನ ವಾರದ ಗರಿಗಳ ಭಾನುವಾರ ಪೂಜೆ ಮುಗಿಸಿ ಸಿಸ್ಟರ್ ಹೆದ್ವಿಗ್ ಉತ್ತರ ಕೇಳಲು ಬಂದರು. ಮೇಜಿನ ಮೇಲೆ ಘನವಿತ್ತು, ಒಂದು ತುಂಡು ಮಗುಚಿಕೊಂಡು. ಶಾರೊಲ್ತಾ ಕೌಂಟರಿನ ದನಿಯಲ್ಲಿ ಹೇಳಿದಳು, "ನಿಮ್ಮ ಉಪಕಾರ ದೊಡ್ಡದು ಸಿಸ್ಟರ್. ನಾನು ಬರೋದಿಲ್ಲ."

"ಟೀಚರ್! ಯಾಕೆ?"

"ಒಂದು ತುಂಡು ಒಂಟಿಯಾಗಿ ಮಗುಚಲ್ಲ ಅಂತ ನಾನು ಸಾಧಿಸಿದೆ. ಅದು ಮಗುಚಿದೆ. ಸರಿಯಾಗಿದ್ದ ಘನವೇ ಇದು. ಅಂದಮೇಲೆ ನನ್ನ ಸಾಧನೆ ತಪ್ಪು. ಎಲ್ಲಿ ತಪ್ಪು ಅಂತ ಹುಡುಕಿದೆ, ಅದೂ ಸಿಗಲಿಲ್ಲ. ತನ್ನ ತಪ್ಪು ತನಗೇ ಕಾಣದವಳು ಮಕ್ಕಳ ತಪ್ಪನ್ನ ತಿದ್ದಬಾರದು."

"ಅಯ್ಯೋ, ಅದೊಂದು ಆಟದ ಸಾಮಾನು! ನಾನು ಇನ್ನೊಂದು ತಂದ್ಕೊಡ್ತೀನಿ."

"ಸಿದ್ಧಾಂತ ಬಿದ್ದುಹೋಗೋಕೆ ಒಂದೇ ಉದಾಹರಣೆ ಸಾಕು. ಇದನ್ನ ನಾನೇ ನಿಮಗೆ ಕಲಿಸಿದ್ದೆ."

"ಇದರಲ್ಲೇ ಏನಾದ್ರೂ ಊನ ಇದ್ರೆ?"

"ಇಲ್ಲ," ಎಂದಳು ಶಾರೊಲ್ತಾ. "ನನ್ನ ತಂಗಿ ಆಣೆ ಇಟ್ಟು ಹೇಳಿದಾಳೆ."

ಕಾಫಿ ಬಗ್ಗಿಸುತ್ತಿದ್ದ ಇಲ್ಮಾಳ ಕೈಯಿಂದ ಒಂದು ಹನಿಯೂ ಚೆಲ್ಲಲಿಲ್ಲ.

ಸಿಸ್ಟರ್ ಎದ್ದು ಹೋದರು. ಇಲ್ಮಾ ಕಸದ ಬುಟ್ಟಿಯ ನೆಪ ಮಾಡಿಕೊಂಡು ಮೆಟ್ಟಿಲಿಳಿದು ಅಂಗಳದಲ್ಲಿ ಅವರನ್ನು ಹಿಡಿದಳು. ಮಾತುಗಳು ಒಮ್ಮೆಲೇ ಬಿದ್ದವು. "ಸಿಸ್ಟರ್, ಅಕ್ಕನ ಲೆಕ್ಕ ಸರಿ. ಬಣ್ಣ ತಪ್ಪು ಅಂಟಿಸಿದ್ದು ನಾನು. ಸುಳ್ಳು ಹೇಳಿದೆ."

ಹೆದ್ವಿಗ್ ಅವಳನ್ನು ದಿಟ್ಟಿಸಿದರು. ಆ ಕಣ್ಣಿನಲ್ಲಿ ಕರುಣೆಯಿತ್ತು, ಕಾಠಿಣ್ಯವೂ ಇತ್ತು. "ನಾನು ಹೇಳಿದ್ರೆ ಸಮಾಧಾನಕ್ಕೆ ಹೇಳ್ತಿದೀನಿ ಅಂತಾರೆ, ನಂಬಲ್ಲ. ನೀವೇ ಹೇಳಬೇಕು. ಈಗಲೇ ಹೋಗಿ. ಪವಿತ್ರ ಶನಿವಾರದ ತನಕ ನಾನು ಯಾರಿಗೂ ಉತ್ತರ ಕೊಡಲ್ಲ, ಕಾಯ್ತೀನಿ."

ಇಲ್ಮಾ ಮೆಟ್ಟಿಲು ಹತ್ತಿದಳು. ಹೇಳಬೇಕಾದ ವಾಕ್ಯವನ್ನು ಬಾಯಲ್ಲೇ ಉರು ಹೊಡೆಯುತ್ತ ಬಂದು ಬಾಗಿಲು ನೂಕಿದಳು. ಶಾರೊಲ್ತಾ ಕಿಟಕಿಯ ಕಡೆಯ ಅರ್ಧದಲ್ಲಿ, ತಂಗಿಯ ಕುರ್ಚಿಯಲ್ಲಿ ಕೂತಿದ್ದಳು.

"ಕೂತ್ಕೋ ಇಲ್ಮಾ."

"ಅಕ್ಕ, ನಾನೊಂದು ಮಾತು..."

"ನಾನು ಮೊದಲು ಹೇಳ್ತೀನಿ, ಆಮೇಲೆ ನನಗೆ ಧೈರ್ಯ ಇರಲ್ಲ." ಶಾರೊಲ್ತಾ ತಂಗಿಯ ಕೈಗಳನ್ನು ಹಿಡಿದು ಅಂಗೈ ಮೇಲಾಗಿ ತಿರುಗಿಸಿದಳು. ಉಗುರಿನ ಸಂದಿಯಲ್ಲಿ ಅಂಟು ಕಪ್ಪಾಗಿ ನಿಂತಿತ್ತು. "ಚಿಕ್ಕೋಳಿದ್ದಾಗಿಂದ ಈ ಕೈನ ಆಡ್ಕೊಂಡೆ. ದಡ್ಡಿ ಅಂದೆ, ಮಂಕು ಅಂದೆ. ಕೊನೆಗೆ ನೋಡು, ಈ ಕೈ ಮಾಡಿದ್ದು ಸರಿಯಾಗಿತ್ತು, ನನ್ನ ತಲೆ ಮಾಡಿದ್ದು ತಪ್ಪಾಯ್ತು. ಕ್ಷಮಿಸೆ. ಮನಸ್ಸಲ್ಲಿ ಇಟ್ಕೋಬೇಡ."

ಹುಟ್ಟಿದಂದಿನಿಂದ ಇಲ್ಮಾ ಕಾದಿದ್ದ ಮಾತು ಅದು. ಗಂಡ ಬದುಕಿದ್ದಾಗಲೂ, ಅವನನ್ನು ಮಣ್ಣು ಮಾಡಿ ಬಂದ ದಿನವೂ ಅವಳು ಅದಕ್ಕಾಗಿಯೇ ಕಾದಿದ್ದಳು. ಅದೀಗ ಮಡಿಲಿಗೆ ಬಿದ್ದಿತ್ತು. ಬಾಯಿ ಬಿಟ್ಟರೆ ಅದು ಹೋಗುತ್ತಿತ್ತು.

"ನೀನೇನೋ ಹೇಳ್ತೀನಂದೆ?" ಎಂದಳು ಶಾರೊಲ್ತಾ.

"ಉಪ್ಪು ಮುಗಿದಿದೆ ಅಕ್ಕ," ಎಂದಳು ಇಲ್ಮಾ.

ಈಸ್ಟರಿನ ಮುನ್ನಾದಿನ, ಪವಿತ್ರ ಶನಿವಾರ ಸಂಜೆ ನಾವೆಲ್ಲ ಮೇಣದ ದೀಪ ಹಿಡಿದು ಚರ್ಚಿನ ಬಾಗಿಲಲ್ಲಿ ನಿಂತಿದ್ದೆವು. ಸೋದರಿಯರೂ ಬಂದಿದ್ದರು, ಕೈ ಕೈ ಹಿಡಿದುಕೊಂಡು. ಅಷ್ಟು ಅನ್ಯೋನ್ಯವಾಗಿ ಅವರನ್ನು ಕಂಡದ್ದು ಅದೇ ಮೊದಲು. ಪುನರುತ್ಥಾನದ ಗಂಟೆಗಳು ಬಾರಿಸಿದವು. ಆ ಶಾಲೆಗೆ ಬೇರೊಬ್ಬರು ಬಂದರು.

ಅಲ್ಲಿಂದ ಶಾರೊಲ್ತಾ ಸಾಧುವಾದಳು. ಹಾಲು ಉಕ್ಕಿದರೆ ತಾನೇ ಒರೆಸುವಳು. "ನಿನಗೇನನ್ಸುತ್ತೆ?" ಎಂದು ಕೇಳಿ ತಂಗಿ ಹೇಳಿದಂತೆ ನಡೆಯುವಳು. ಕೈವಾರ ಕಪಾಟಿನ ತಳ ಸೇರಿತು, ಬೂದು ಸ್ಕರ್ಟು ಯಾರಿಗೋ ಹೋಯಿತು. ಅವಳ ಒಂದೊಂದು ಮೃದುವಾದ ಮಾತೂ ಇಲ್ಮಾಳಿಗೆ ಮೀನಿನ ಮುಳ್ಳಿನಂತೆ ಚುಚ್ಚುತ್ತಿತ್ತು. ಕದ್ದ ಒಡವೆಯನ್ನು ಕತ್ತಿಗೆ ಹಾಕಿಕೊಂಡು ಕನ್ನಡಿ ನೋಡಲಾರದವಳಂತೆ ಅವಳು ಬೇಸಗೆ ಕಳೆದಳು.

ಶಾಲೆಗಳು ತೆರೆದ ಸೆಪ್ಟೆಂಬರಿನಲ್ಲಿ, ಲಾಂಡ್ರಿಯ ಸರದಿ ಮುಗಿಸಿ ಬಂದ ಶಾರೊಲ್ತಾ ಕುರ್ಚಿ ಎಳೆದುಕೊಂಡು ಕಿಟಕಿಯ ಕಡೆಗೆ ಕೂತಳು. "ನನಗೂ ಅಂಟಿಸೋದು ಕಲಿಸು. ಮೊದಲು ಯಾವ ಬಣ್ಣ?"

"ಬಿಳಿ ಅಕ್ಕ. ಉಗುರಲ್ಲಿ ಎಬ್ಬಿಸು, ಹರೀಬೇಡ."

"ಹೀಗಾ?"

"ಹಾಗೇ."

ರೇಖಾಗಣಿತದ ಆ ದೊಡ್ಡ ತಲೆ ಬಣ್ಣದ ಹಾಳೆಯ ಮೇಲೆ ಬಾಗಿತು. ಶುಕ್ರವಾರ ಯೋಲಾನ್ ಬಂದಳು. ಪೆಟ್ಟಿಗೆಯಿಂದ ಒಂದೊಂದೇ ಎತ್ತಿ ನೋಡುತ್ತ ಒಂದರ ಮೇಲೆ ನಿಂತು, ಟೀಚರಮ್ಮನ ಎದುರು ನಗಲೋ ಬೇಡವೋ ಎಂದು ತಡವರಿಸಿ, ಕೊನೆಗೆ ನಕ್ಕೇಬಿಟ್ಟಳು.

"ಇದು ನಿಮ್ಮ ಕೈದಾ ಮೇಡಂ? ಹಸಿರು ಹಳದಿ ಮನೆ ಬದಲಾಯಿಸ್ಕೊಂಡಿದಾವೆ. ಪರವಾಗಿಲ್ಲ ಬಿಡಿ, ಹೊಸದರಲ್ಲಿ ಎಲ್ಲರಿಗೂ ಆಗುತ್ತೆ."

ಶಾರೊಲ್ತಾ ಅದನ್ನು ಕೈಗೆ ತೆಗೆದುಕೊಂಡಳು. ಅಂಚಿನ ಒಂದು ತುಂಡು ಮಗುಚಿದಂತಿತ್ತು, ಉಳಿದೆಲ್ಲ ಶುದ್ಧ. ಅವಳು ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು.

"ಎಲ್ಲರಿಗೂ ಆಗುತ್ತಾ?" ಎಂದು ಮೆಲ್ಲಗೆ ಕೇಳಿದಳು.

"ಆಗದೆ ಏನು? ಹೋದ ಕ್ರಿಸ್‌ಮಸ್ಸಿಗೆ ಇಲ್ಮಾನೇ ಇಂಥದ್ದೊಂದು ಮಾಡಿರಲಿಲ್ವಾ, ಬಿಳಿ ಕೆಂಪಲ್ಲಿ? ಬಾಗಿಲಿಗೆ ಒತ್ತು ಕೊಡೋಕೆ ಇಟ್ಕೋ ಅಂತ ನಾನೇ..." ಯೋಲಾನಳ ಭಾರಿ ದನಿ ತಾನಾಗಿಯೇ ತಗ್ಗಿತು. ಏನು ಕೆಡಿಸಿದೆನೆಂದು ಅವಳಿಗೆ ತಿಳಿಯಲಿಲ್ಲ. ಕೆಡಿಸಿದೆನೆಂದು ಮಾತ್ರ ತಿಳಿಯಿತು. ಪೆಟ್ಟಿಗೆ ಎತ್ತಿಕೊಂಡು ಬೇಗ ಹೊರಟಳು.

ಗೂಡಿನಲ್ಲಿ, ತಾಯಿಯ ಚಿತ್ರದ ಪಕ್ಕ, ಆ ಹಳೆಯ ಘನವಿತ್ತು. ಶಾರೊಲ್ತಾ ಎದ್ದು ಅದನ್ನು ತಂದು ಹೊಸದರ ಪಕ್ಕದಲ್ಲಿಟ್ಟಳು. ಎರಡರಲ್ಲೂ ಒಂದೊಂದು ತುಂಡು. ಅವಳ ಮುಖದಲ್ಲಿ ಮೊದಲು ಬಂದದ್ದು ಕೋಪವಲ್ಲ, ಬೆಳಕು.

"ಹಾಗಾದ್ರೆ ನನ್ನ ಸಾಧನೆ ಸರಿಯಾಗಿತ್ತು," ಎಂದಳು, ಯಾರಿಗೂ ಅಲ್ಲದೆ. "ಒಂದೂ ಹೆಜ್ಜೆ ತಪ್ಪಿರಲಿಲ್ಲ."

ಇಲ್ಮಾ ನೆಲ ನೋಡುತ್ತ ನಿಂತಿದ್ದಳು. ಈಗ ಬರುತ್ತದೆ ಎಂದು ಕಾದಳು. ಮಂಕುದಿಣ್ಣೆ ಎನ್ನಲಿ, ಪಾಪಿ ಎನ್ನಲಿ, ಕೈಗೆ ಸಿಕ್ಕಿದ್ದನ್ನು ಎಸೆಯಲಿ. ಅಮ್ಮನಾಣೆ ಇಟ್ಟ ನಾಲಿಗೆಯನ್ನು ಶಪಿಸಲಿ. ತನ್ನ ಬಾಳಿನಲ್ಲಿ ಯಾವುದನ್ನೂ ಅವಳು ಆ ಬೈಗುಳದಷ್ಟು ಬಯಸಿರಲಿಲ್ಲ.

ಬೆಳಕು ಆರಿತು. ಶಾಲೆಯಲ್ಲಿ ತನ್ನ ಬದಲು ಇನ್ನೊಬ್ಬಳು ಬರೆಯುತ್ತಿದ್ದ ಕರಿಹಲಗೆ ಶಾರೊಲ್ತಾಳಿಗೆ ಆಗ ನೆನಪಾಗಿರಬೇಕು. ಅವಳು ಹಳೆಯ ಘನವನ್ನು ಮೊದಲಿದ್ದಲ್ಲೇ ಇಟ್ಟು, ಕುರ್ಚಿಯಲ್ಲಿ ಕೂತು, ಬೆನ್ನು ನೆಟ್ಟಗೆ ಮಾಡಿ, ಕೈ ಚಾಚಿದಳು.

"ದಯವಿಟ್ಟು ಹಳದಿ ಹಾಳೆ ಕೊಡಿ," ಎಂದಳು. ಇಲ್ಮಾ ಕೊಟ್ಟಳು. "ಧನ್ಯವಾದ."

ಅದು ಲಾಂಡ್ರಿಯ ಕೌಂಟರಿನ ದನಿ.

ಅವರು ಮತ್ತೂ ಬಹಳ ವರ್ಷ ಅದೇ ಮೇಜಿನಲ್ಲಿ ಕೂತು ಉಂಡರು. ಇಲ್ಮಾ ಅತ್ತು ಕಾಲು ಹಿಡಿದದ್ದೂ ಉಂಟು. "ದಯವಿಟ್ಟು ಏಳಿ, ನೆಲ ತಣ್ಣಗಿದೆ" ಎಂಬ ಉತ್ತರ ಬಂತು. ಬಣ್ಣ ಕಿತ್ತು ಸರಿಪಡಿಸುವೆನೆಂದು ಆ ಘನವನ್ನು ಎತ್ತಿಕೊಂಡಾಗ ಮಾತ್ರ ಒಂದು ವಾಕ್ಯ ಹೆಚ್ಚು ಸಿಕ್ಕಿತು. "ಅದನ್ನ ಮುಟ್ಟಬೇಡಿ. ಈ ಮನೇಲಿ ನನಗೆ ನಿಜ ಹೇಳಿದ್ದು ಅದೊಂದೇ." ಎರಡನೆಯ ವರ್ಷದ ಹೊತ್ತಿಗೆ ಲೋಕಕ್ಕೆ ಆ ಆಟಿಕೆ ಸಾಕಾಯಿತು, ಮಾರಾಟವಾಗದ ಪೆಟ್ಟಿಗೆಗಳು ಗೋದಾಮುಗಳಲ್ಲಿ ಧೂಳು ಹಿಡಿದವು, ಇಲ್ಮಾಳ ಕೆಲಸ ನಿಂತಿತು. ಆಮೇಲೆ ಲೋಕ ಅದನ್ನು ಮತ್ತೆ ನೆನೆಯಿತು, ಇನ್ನೂ ಬಿಟ್ಟಿಲ್ಲ. ಶಾರೊಲ್ತಾ ಹೋಗಿ ವರ್ಷಗಳಾದವು. ಕೊನೆಯ ದಿನ ನೀರು ಕುಡಿಸಿದ ತಂಗಿಗೆ ಅವಳು ಧನ್ಯವಾದ ಹೇಳಿದಳು. ಅದಾದ ಮೇಲೆಯೇ ಇಲ್ಮಾ ಇದನ್ನೆಲ್ಲ ನನ್ನ ಮುಂದೆ ತೋಡಿಕೊಂಡದ್ದು.

ಹೋದ ವಸಂತದಲ್ಲಿ ನಾವಿಬ್ಬರೂ ಸ್ಮಶಾನಕ್ಕೆ ಹೂ ಒಯ್ಯುತ್ತಿದ್ದೆವು. ಟ್ರಾಮಿನಲ್ಲಿ ಎದುರು ಕೂತಿದ್ದ ಶಾಲಾ ಹುಡುಗಿಯೊಬ್ಬಳು ಘನವನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಜೋಡಿಸಿ, ಮುದುಕಿ ತನ್ನನ್ನೇ ನೋಡುತ್ತಿರುವುದನ್ನು ಕಂಡು, ನಗುತ್ತ ಮುಂದೆ ಚಾಚಿದಳು.

"ಅಜ್ಜಿ, ನೀವು ತಿರುಗಿಸಿ ಕೆಡಿಸ್ಕೊಡ್ತೀರಾ? ನಾನು ಮತ್ತೆ ಜೋಡಿಸ್ತೀನಿ."

ಇಲ್ಮಾ ಎರಡೂ ಕೈಗಳನ್ನು ಕೋಟಿನ ಜೇಬುಗಳಲ್ಲಿ ಆಳಕ್ಕೆ ತುರುಕಿದಳು.

"ಬೇಡ ಮಗು," ಎಂದಳು. "ನಾವು ತಿರುಗಿಸೋ ಹಾಗಿಲ್ಲ."